ನ್ಯಾಸದ ಲೆಕ್ಕ: ನೌರು ಮತ್ತು ಬನಾಬ ದ್ವೀಪಗಳ ಫಾಸ್ಫೇಟ್ ಚರಿತ್ರೆ

೧

ಲೋಕದ ರಾಷ್ಟ್ರಗಳಲ್ಲಿ ಕೆಲವು ಸಂಪನ್ನವಾಗಿಯೂ ಹಲವು ದರಿದ್ರವಾಗಿಯೂ ಇರುವುದಕ್ಕೆ ಕಾರಣಗಳನ್ನು ವಿಚಾರಿಸುವವರು ಸಾಮಾನ್ಯವಾಗಿ ಜನರ ಉದ್ಯಮಶೀಲತೆ, ವಿದ್ಯೆ, ಯಂತ್ರಬಲ, ರಾಜ್ಯವ್ಯವಸ್ಥೆ ಮುಂತಾದುವನ್ನು ಎತ್ತಿ ಹೇಳುವುದುಂಟು. ಇವೆಲ್ಲವೂ ಕಾರಣಗಳೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ದೇಶದ ನೆಲವನ್ನು ಅಗೆದು, ಹಡಗಿನಲ್ಲಿ ತುಂಬಿ, ಮತ್ತೊಂದು ದೇಶದ ಹೊಲಗಳಲ್ಲಿ ಹರಡಿದುದರಿಂದಲೂ ಐಶ್ವರ್ಯವು ಉಂಟಾಗಬಹುದೆಂಬುದು ಅಷ್ಟಾಗಿ ವಿಚಾರಕ್ಕೆ ಬಾರದೆ ಉಳಿದಿದೆ. ಇಪ್ಪತ್ತನೆಯ ಶತಮಾನದಲ್ಲಿ ಪೆಸಿಫಿಕ್ ಮಹಾಸಾಗರದ ಎರಡು ಸಣ್ಣ ದ್ವೀಪಗಳಲ್ಲಿ ಹೀಗೆಯೇ ನಡೆಯಿತು. ಅವುಗಳಲ್ಲಿ ಒಂದು ನೌರು. ಮತ್ತೊಂದು, ಆಂಗ್ಲರು ಓಷನ್ ಐಲೆಂಡ್ ಎಂದು ಹೆಸರಿಟ್ಟ ಬನಾಬ.

ಈ ಎರಡು ದ್ವೀಪಗಳೂ ವಿಷುವದ್ರೇಖೆಗೆ ಸ್ವಲ್ಪ ದಕ್ಷಿಣದಲ್ಲಿ, ಒಂದಕ್ಕೊಂದು ಸುಮಾರು ೧೮೦ ಮೈಲಿಗಳ ದೂರದಲ್ಲಿ ಇವೆ. ನೌರುವಿನ ವಿಸ್ತೀರ್ಣವು ಸುಮಾರು ೮ ಚದರ ಮೈಲಿ. ಬನಾಬದ್ದು ಎರಡೂವರೆ ಚದರ ಮೈಲಿಗೂ ಕಡಿಮೆ. ಇಷ್ಟು ಅಲ್ಪವಾದ ಭೂಭಾಗಗಳ ಚರಿತ್ರೆಯು ವಿದ್ವಾಂಸರ ಪರಿಶೀಲನೆಗೆ ಯೋಗ್ಯವಾದುದೇ ಎಂದು ಶಂಕಿಸುವುದು ಸಹಜ. ದೊಡ್ಡ ದೇಶಗಳಲ್ಲಿ ನೂರಾರು ಕಾರಣಗಳು ಹೆಣೆದುಕೊಂಡು, ಯಾರಿಗೆ ಯಾವುದರಿಂದ ಲಾಭವಾಯಿತು, ಯಾರಿಗೆ ಎಷ್ಟು ನಷ್ಟವಾಯಿತು ಎಂದು ನಿರ್ಣಯಿಸುವುದು ದುಸ್ಸಾಧ್ಯವಾಗುತ್ತದೆ. ಇಲ್ಲಿಯಾದರೋ ತೆಗೆದ ಕಲ್ಲಿನ ತೂಕ, ಕೊಟ್ಟ ಹಣ, ಹಾಳಾದ ನೆಲ, ಕೊಂಡೊಯ್ದವರ ಹೆಸರು ಎಲ್ಲವೂ ದಾಖಲೆಗಳಲ್ಲಿ ಇವೆ. ಇದಲ್ಲದೆ ಈ ಎರಡು ದ್ವೀಪಗಳ ಜನರೂ ತಮಗಾದ ನಷ್ಟವನ್ನು ನ್ಯಾಯಾಸನದ ಮುಂದೆ ಇಟ್ಟರು; ಅಲ್ಲಿ ಬಂದ ಎರಡು ಬಗೆಯ ಉತ್ತರಗಳು ಇಂದಿನ ಲೋಕದ ಆರ್ಥಿಕ ವೈಷಮ್ಯವನ್ನೂ ಪ್ರಕೃತಿನಾಶವನ್ನೂ ಕುರಿತ ವಿವಾದಕ್ಕೆ ಮೂಲಭೂತವಾಗಿವೆ.

೨

ಸಸ್ಯಗಳ ಬೆಳವಣಿಗೆಗೆ ರಂಜಕವು ಅತ್ಯಾವಶ್ಯಕವಾದ ದ್ರವ್ಯ. ಪೈರನ್ನು ಕೊಯ್ದು ಪಟ್ಟಣಗಳಿಗೆ ಕಳುಹಿಸಿದಷ್ಟೂ ನೆಲದ ರಂಜಕವು ಕ್ಷಯಿಸುತ್ತ ಹೋಗುತ್ತದೆ. ೧೮೪೨ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಎಂಬುವನು ಫಾಸ್ಫೇಟನ್ನು ಗಂಧಕಾಮ್ಲದಲ್ಲಿ ಬೆರೆಸಿ, ಸಸ್ಯಗಳು ಬೇಗನೆ ಹೀರಿಕೊಳ್ಳಬಲ್ಲ ಸೂಪರ್ ಫಾಸ್ಫೇಟ್ ಎಂಬ ಗೊಬ್ಬರವನ್ನು ತಯಾರಿಸುವ ಕ್ರಮಕ್ಕೆ ಹಕ್ಕುಪತ್ರವನ್ನು ಪಡೆದನು. ಅದೇ ಕಾಲದಲ್ಲಿ ಪೆರು ದೇಶದ ತೀರದ ದ್ವೀಪಗಳಿಂದ ಹಕ್ಕಿಗಳ ಹಿಕ್ಕೆಯ ಗೊಬ್ಬರವು ಯೂರೋಪಿಗೆ ರಾಶಿರಾಶಿಯಾಗಿ ಸಾಗತೊಡಗಿತು. ಕೆಲವು ದಶಕಗಳಲ್ಲಿ ಆ ನಿಧಿಯು ಬಹುಮಟ್ಟಿಗೆ ಬರಿದಾಯಿತು. ಇತ್ತ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡುಗಳಲ್ಲಿ ನೆಲೆಸಿದ ಆಂಗ್ಲ ವಲಸೆಗಾರರು ಗೋದಿಯನ್ನೂ ಕುರಿಗಳ ಉಣ್ಣೆಯನ್ನೂ ಬೆಣ್ಣೆಯನ್ನೂ ಇಂಗ್ಲೆಂಡಿಗೆ ಮಾರಿ ಜೀವಿಸತಕ್ಕವರಾಗಿದ್ದರು. ಆಸ್ಟ್ರೇಲಿಯದ ನೆಲವು ಬಹು ಪುರಾತನವಾದುದರಿಂದ ಅದರಲ್ಲಿ ರಂಜಕವು ತೀರ ಕಡಿಮೆ. ಅಗ್ಗವಾದ ಫಾಸ್ಫೇಟು ಹತ್ತಿರದಲ್ಲಿ ದೊರೆಯದ ಹೊರತು ಅಲ್ಲಿನ ಬೇಸಾಯವು ವಿಸ್ತಾರವಾಗುವಂತಿರಲಿಲ್ಲ.

ಇಂತಿರಲು, ಸಿಡ್ನಿ ನಗರದಲ್ಲಿ ಪೆಸಿಫಿಕ್ ದ್ವೀಪಗಳೊಡನೆ ವ್ಯಾಪಾರ ಮಾಡುತ್ತಿದ್ದ ಕಂಪೆನಿಯೊಂದರ ಕಚೇರಿಯಲ್ಲಿ, ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡವಾಗಿ ಇಟ್ಟಿದ್ದ ಕಲ್ಲೊಂದು ಆಲ್ಬರ್ಟ್ ಎಲ್ಲಿಸ್ ಎಂಬ ನೌಕರನ ಕಣ್ಣಿಗೆ ಬಿತ್ತು. ಅದು ನೌರುವಿನಿಂದ ತಂದ ಕಲ್ಲಾದ ಮರವೆಂದು ಅಲ್ಲಿನವರು ತಿಳಿದಿದ್ದರು. ಪರೀಕ್ಷಿಸಿ ನೋಡಲು ಅದು ಅತ್ಯುತ್ತಮ ಜಾತಿಯ ಫಾಸ್ಫೇಟ್ ಶಿಲೆಯೆಂದು ಗೊತ್ತಾಯಿತು. ನೌರು ೧೮೮೮ರಿಂದ ಜರ್ಮನಿಯ ವಶದಲ್ಲಿತ್ತು. ಬನಾಬವಾದರೋ ಆಗ ಯಾವ ರಾಜ್ಯಕ್ಕೂ ಸೇರಿರಲಿಲ್ಲ. ಆದುದರಿಂದ ಎಲ್ಲಿಸನು ೧೯೦೦ನೆಯ ಮೇ ತಿಂಗಳಿನಲ್ಲಿ ಮೊದಲು ಬನಾಬಕ್ಕೆ ಹೋಗಿ, ಅಲ್ಲಿನ ಇಬ್ಬರು ಮುಖಂಡರಿಂದ ಒಂದು ಒಡಂಬಡಿಕೆಗೆ ಗುರುತು ಹಾಕಿಸಿಕೊಂಡನು. ಅದರ ಪ್ರಕಾರ ದ್ವೀಪದ ಫಾಸ್ಫೇಟನ್ನೆಲ್ಲ ತೆಗೆಯುವ ಹಕ್ಕು ೯೯೯ ವರ್ಷಗಳವರೆಗೆ ಕಂಪೆನಿಯದಾಯಿತು. ಪ್ರತಿಫಲವು ವರ್ಷಕ್ಕೆ ೫೦ ಪೌಂಡು, ಅಥವಾ ಅಷ್ಟು ಬೆಲೆಯ ಅಂಗಡಿ ಸಾಮಾನು.

ಈ ಒಡಂಬಡಿಕೆಯಲ್ಲಿ ಎರಡು ದೋಷಗಳು ಸ್ಪಷ್ಟವಾಗಿವೆ. ಬನಾಬದಲ್ಲಿ ಭೂಮಿಯು ಮುಖಂಡನ ಸ್ವತ್ತಾಗಿರಲಿಲ್ಲ. ಒಂದೊಂದು ತುಂಡು ನೆಲಕ್ಕೂ, ಒಂದೊಂದು ಮರಕ್ಕೂ ಪ್ರತ್ಯೇಕವಾದ ಒಡೆಯರೂ ಒಡತಿಯರೂ ಇದ್ದರು. ತನ್ನದಲ್ಲದ ನೆಲವನ್ನು ಮತ್ತೊಬ್ಬನಿಗೆ ಬರೆದುಕೊಡಲು ಮುಖಂಡನಿಗೆ ಅಧಿಕಾರವಿರಲಿಲ್ಲ. ಇನ್ನು ಎರಡನೆಯದು: ಬರಹವನ್ನು ಓದಲಾರದ ಜನರಿಗೆ, ತಮ್ಮ ಕಾಲಕೆಳಗಿನ ಕಲ್ಲಿಗೆ ಸಿಡ್ನಿಯಲ್ಲಿ ಏನು ಬೆಲೆ ಎಂಬುದು ತಿಳಿದಿರಲಿಲ್ಲ, ತಿಳಿದಿದ್ದವನು ಹೇಳಲಿಲ್ಲ. ೧೯೦೧ರಲ್ಲಿ ಬ್ರಿಟಿಷ್ ಸರ್ಕಾರವು ಬನಾಬವನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡಿತು. ನೌರುವಿನಲ್ಲಿ ಜರ್ಮನ್ ಕಂಪೆನಿಯೊಡನೆ ಒಪ್ಪಂದವಾದ ಮೇಲೆ ೧೯೦೭ರ ಹೊತ್ತಿಗೆ ಅಲ್ಲಿಂದಲೂ ಶಿಲೆಯು ಹಡಗೇರಿತು. ಅಲ್ಲಿ ನೆಲದ ಒಡೆಯನಿಗೆ ಸಲ್ಲುತ್ತಿದ್ದುದು ಒಂದು ಟನ್ನಿಗೆ ಅರ್ಧ ಪೆನ್ನಿ. ಅಗೆಯುವ ಕೆಲಸವನ್ನು ಚೀನಾದಿಂದಲೂ ಗಿಲ್ಬರ್ಟ್ ಮತ್ತು ಎಲ್ಲಿಸ್ ದ್ವೀಪಗಳಿಂದಲೂ ಕರಾರಿನ ಮೇಲೆ ತರಿಸಿದ ಕೂಲಿಗಳು ಮಾಡುತ್ತಿದ್ದರು.

೩

೧೯೧೪ರ ಮಹಾಯುದ್ಧದಲ್ಲಿ ಆಸ್ಟ್ರೇಲಿಯದ ಸೈನ್ಯವು ನೌರುವನ್ನು ಹಿಡಿಯಿತು. ಯುದ್ಧಾನಂತರ ೧೯೧೯ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳು ತಮ್ಮೊಳಗೆ ಒಂದು ಒಪ್ಪಂದವನ್ನು ಮಾಡಿಕೊಂಡು, ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಮಂಡಲಿಯನ್ನು ಸ್ಥಾಪಿಸಿದುವು. ಹಳೆಯ ಕಂಪೆನಿಯ ಹಕ್ಕುಗಳನ್ನೆಲ್ಲ ಈ ಮಂಡಲಿಗಾಗಿ ೩೫ ಲಕ್ಷ ಪೌಂಡುಗಳಿಗೆ ಕೊಂಡುಕೊಂಡದ್ದಾಯಿತು. ಶಿಲೆಯಲ್ಲಿ ಬ್ರಿಟನ್ನಿಗೆ ನೂರಕ್ಕೆ ೪೨, ಆಸ್ಟ್ರೇಲಿಯಕ್ಕೆ ೪೨, ನ್ಯೂಜಿಲೆಂಡಿಗೆ ೧೬ರಂತೆ ಪಾಲು ಗೊತ್ತಾಯಿತು. ವರ್ಷಕ್ಕೆ ೫೦ ಪೌಂಡಿಗೂ ಟನ್ನಿಗೆ ಅರ್ಧ ಪೆನ್ನಿಗೂ ಪಡೆದ ಹಕ್ಕು ಇಪ್ಪತ್ತು ವರ್ಷಗಳಲ್ಲಿ ೩೫ ಲಕ್ಷ ಪೌಂಡಿಗೆ ಮಾರಾಟವಾಯಿತೆಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಆ ಹಣವೆಲ್ಲ ಕಂಪೆನಿಯ ಪಾಲುದಾರರಿಗೆ ಸಂದಿತು.

ಅದೇ ೧೯೨೦ರಲ್ಲಿ ರಾಷ್ಟ್ರಸಂಘವು ನೌರುವನ್ನು ಮ್ಯಾಂಡೇಟು ಎಂಬ ಹೊಸ ವ್ಯವಸ್ಥೆಗೆ ಒಳಪಡಿಸಿತು. ಸ್ವಯಮಾಡಳಿತಕ್ಕೆ ಇನ್ನೂ ಸಮರ್ಥರಲ್ಲವೆಂದು ಎಣಿಸಲಾದ ಜನರ ಯೋಗಕ್ಷೇಮವು ನಾಗರಿಕ ರಾಷ್ಟ್ರಗಳ ಕೈಯಲ್ಲಿಟ್ಟ ಪವಿತ್ರವಾದ ನ್ಯಾಸವೆಂಬುದೇ ಆ ವ್ಯವಸ್ಥೆಯ ಮೂಲತತ್ತ್ವವಾಗಿತ್ತು. ಒಂದು ಕೈಯಲ್ಲಿ ಈ ನ್ಯಾಸಪತ್ರ, ಇನ್ನೊಂದು ಕೈಯಲ್ಲಿ ಶಿಲೆಯನ್ನು ಹಂಚಿಕೊಳ್ಳುವ ಒಪ್ಪಂದ. ಇವೆರಡೂ ಒಂದಕ್ಕೊಂದು ಹೊಂದುವುದು ಹೇಗೆಂದು ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿಯೇ ಕೆಲವು ಸದಸ್ಯರು ಆಕ್ಷೇಪಿಸಿದರು. ಆದರೂ ಒಪ್ಪಂದವು ನಿಂತಿತು.

ಈ ಒಪ್ಪಂದದ ಮರ್ಮವು ಅದರ ಬೆಲೆಯ ನಿಯಮದಲ್ಲಿದೆ. ಮೂರು ದೇಶಗಳ ಬೇಸಾಯಕ್ಕೆ ಬೇಕಾದ ಫಾಸ್ಫೇಟನ್ನು ಮಂಡಲಿಯು ತೆಗೆಯುವ ಖರ್ಚಿನ ಬೆಲೆಗೇ ಒದಗಿಸತಕ್ಕದ್ದು. ಅವರಿಗೆ ಬೇಡವಾಗಿ ಮಿಕ್ಕುದನ್ನು ಮಾತ್ರ ಪೇಟೆಯ ಬೆಲೆಗೆ ಇತರರಿಗೆ ಮಾರಬಹುದು. ಹೊರನೋಟಕ್ಕೆ ಇದು ಲಾಭದಾಸೆಯಿಲ್ಲದ ಸಾತ್ತ್ವಿಕವಾದ ವ್ಯವಸ್ಥೆಯಂತೆ ತೋರುತ್ತದೆ. ಮಂಡಲಿಯ ಲೆಕ್ಕದ ಪುಸ್ತಕದಲ್ಲಿ ಲಾಭವೆಂಬ ಬಾಬಿಗೆ ಎಡೆಯೇ ಇರಲಿಲ್ಲ. ಲಾಭವು ಇರಲಿಲ್ಲವೆಂದಲ್ಲ, ಅದು ಅಗ್ಗವಾದ ಗೊಬ್ಬರದ ರೂಪದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಹುಲ್ಲುಗಾವಲುಗಳಿಗೂ ಗೋದಿಯ ಹೊಲಗಳಿಗೂ ಸೇರಿ, ಅಲ್ಲಿಂದ ಉಣ್ಣೆಯಾಗಿ, ಬೆಣ್ಣೆಯಾಗಿ, ಧಾನ್ಯವಾಗಿ ಹೊರಬರುತ್ತಿತ್ತು. ದ್ವೀಪದ ಜನರು ಲಾಭದಲ್ಲಿ ಪಾಲು ಕೇಳಿದರೆ, ಲಾಭವೇ ಇಲ್ಲವೆಂದು ಪುಸ್ತಕವನ್ನು ತೋರಿಸಬಹುದಾಗಿತ್ತು. ರಾಷ್ಟ್ರಗಳ ನಡುವಣ ವೈಷಮ್ಯವು ದರೋಡೆಯಿಂದ ಮಾತ್ರ ಉಂಟಾಗುವುದೆಂದು ಭಾವಿಸುವವರು ಈ ಅಂಶವನ್ನು ವಿಶೇಷವಾಗಿ ವಿಚಾರಿಸಬೇಕು. ಕೊಳ್ಳುವವನೇ ಬೆಲೆಯನ್ನು ಗೊತ್ತುಮಾಡುವವನೂ, ಅವನೇ ರಾಜ್ಯವಾಳುವವನೂ, ಅವನೇ ಮಾರುವವನ ಪಾಲಕನೂ ಆದಾಗ, ಯಾವ ಕಾನೂನನ್ನೂ ಮೀರದೆ, ಯಾವ ಲೆಕ್ಕವನ್ನೂ ತಿದ್ದದೆ, ಒಂದು ಜನಾಂಗದ ಸ್ವತ್ತು ಇನ್ನೊಂದಕ್ಕೆ ವರ್ಗವಾಗುತ್ತದೆ.

೪

ಶಿಲೆಯನ್ನು ತೆಗೆಯುವ ಕ್ರಮವನ್ನು ತಿಳಿಯದೆ ನಷ್ಟದ ಸ್ವರೂಪವು ತಿಳಿಯಲಾರದು. ನೌರುವಿನ ಮಧ್ಯದಲ್ಲಿ ಎತ್ತರವಾದ ಪ್ರಸ್ಥಭೂಮಿಯೊಂದಿದೆ. ಅದರ ಸುತ್ತಲೂ ಕಡಲಂಚಿಗೆ ಕಿರಿದಾದ ಸಮನೆಲ. ಪ್ರಸ್ಥಭೂಮಿಯಲ್ಲಿ ಪುರಾತನವಾದ ಹವಳದ ಸುಣ್ಣಕಲ್ಲು ಕೋಡುಕೋಡಾಗಿ ನಿಂತಿದ್ದು, ಆ ಕೋಡುಗಳ ಸಂದುಗಳಲ್ಲಿ ಫಾಸ್ಫೇಟು ತುಂಬಿಕೊಂಡಿತ್ತು. ಮೇಲಿನ ಮರಗಿಡಗಳನ್ನೂ ಮಣ್ಣನ್ನೂ ತೆಗೆದುಹಾಕಿ, ಸಂದುಗಳನ್ನು ತೋಡಿ ಬರಿದುಮಾಡಿದ ಮೇಲೆ ಉಳಿಯುವುದು ಆಳೆತ್ತರವನ್ನು ಮೀರಿದ ಸುಣ್ಣಕಲ್ಲಿನ ಮುಳ್ಳುಗಳ ಕಾಡು. ಅಲ್ಲಿ ಬೆಳೆಯನ್ನು ಇಡಲಾಗದು, ಮನೆಯನ್ನು ಕಟ್ಟಲಾಗದು, ನಡೆದುಹೋಗುವುದೂ ಕಷ್ಟ. ತೆಂಗು, ಕೇದಗೆಯ ಜಾತಿಯ ಪ್ಯಾಂಡನಸ್ ಮರ ಮೊದಲಾದ ಆಹಾರವೃಕ್ಷಗಳು ನಾಶವಾದುವು. ಕಾಲಕ್ರಮದಲ್ಲಿ ದ್ವೀಪದ ಐದು ಪಾಲಿನಲ್ಲಿ ನಾಲ್ಕು ಪಾಲು ಹೀಗಾಯಿತು. ಬನಾಬದ ಸ್ಥಿತಿಯೂ ಇದೇ. ಅಲ್ಲಿ ಹೊಳೆಯಾಗಲಿ ಕೆರೆಯಾಗಲಿ ಇಲ್ಲ. ಅನಾವೃಷ್ಟಿಯ ಕಾಲದಲ್ಲಿ ನೆಲದೊಳಗಿನ ಗುಹೆಗಳಲ್ಲಿ ಸಂಗ್ರಹವಾದ ನೀರೇ ಜನರಿಗೆ ಆಧಾರ. ಆ ಗುಹೆಗಳಿಗೆ ಇಳಿದು ನೀರು ತರುವ ಅಧಿಕಾರವು ಹೆಂಗಸರಿಗೆ ಮಾತ್ರ ಸೇರಿದುದಾಗಿತ್ತು. ನೆಲವನ್ನು ತೋಡಿದಂತೆಲ್ಲ ಈ ಜಲಾಧಾರಕ್ಕೂ ಕುಂದುಂಟಾಯಿತು.

೧೯೨೮ರಲ್ಲಿ ಮಂಡಲಿಯು ಬನಾಬದಲ್ಲಿ ಇನ್ನೂ ೧೫೦ ಎಕರೆ ನೆಲವನ್ನು ಬಯಸಿತು. ಜನರು ಒಪ್ಪಲಿಲ್ಲ. ಆಗ ಅಲ್ಲಿ ರೆಸಿಡೆಂಟ್ ಕಮಿಷನರಾಗಿದ್ದವನು ಆರ್ಥರ್ ಗ್ರಿಂಬಲ್. ದ್ವೀಪವಾಸದ ತನ್ನ ಅನುಭವಗಳನ್ನು ೧೯೫೨ರಲ್ಲಿ 'ಎ ಪ್ಯಾಟರ್ನ್ ಆಫ್ ಐಲೆಂಡ್ಸ್' ಎಂಬ ಮನೋಹರವಾದ ಗ್ರಂಥವಾಗಿ ಪ್ರಕಟಿಸಿ, ಇಂಗ್ಲಿಷ್ ಓದುಗರಲ್ಲಿ ಪ್ರಸಿದ್ಧಿಯನ್ನು ಪಡೆದವನು ಇವನೇ. ಆ ಗ್ರಂಥದ ದಯಾಳುವಾದ ನಿರೂಪಕನು, ೧೯೨೮ರಲ್ಲಿ ಬುಅಕೊನಿಕೈ ಎಂಬ ಹಳ್ಳಿಯವರಿಗೆ ಒಂದು ಪತ್ರವನ್ನು ಬರೆದು, ಒಡಂಬಡಿಕೆಗೆ ಒಪ್ಪದಿದ್ದರೆ ನೆಲವನ್ನು ಬಲಾತ್ಕಾರವಾಗಿ ತೆಗೆದುಕೊಳ್ಳುವುದಲ್ಲದೆ ಹಳ್ಳಿಗೇ ಅಪಾಯವುಂಟಾಗಬಹುದೆಂದು ಬೆದರಿಸಿದ್ದನು. ಸುಮಾರು ಐವತ್ತು ವರ್ಷಗಳ ಬಳಿಕ ಲಂಡನ್ನಿನ ನ್ಯಾಯಾಲಯದಲ್ಲಿ ಈ ಪತ್ರವು ಹೊರಬಂದಿತು. ಸಾಹಿತ್ಯಗ್ರಂಥವನ್ನು ಚರಿತ್ರೆಯ ಸಾಕ್ಷ್ಯವಾಗಿ ಬಳಸುವವರಿಗೆ ಇದೊಂದು ಎಚ್ಚರಿಕೆ. ೧೯೩೧ರಲ್ಲಿ ನೆಲವು ಬಲಾತ್ಕಾರದಿಂದಲೇ ಮಂಡಲಿಯ ವಶವಾಯಿತು.

ನೌರುವಿನ ಜನರು ಅತ್ಯಲ್ಪಸಂಖ್ಯಾತರು. ೧೯೨೦ರ ಇನ್‌ಫ್ಲುಯೆಂಜಾ ಜಾಡ್ಯದಿಂದ ಅವರಲ್ಲಿ ಬಹುಮಂದಿ ಸತ್ತರು. ಸಂಖ್ಯೆಯು ೧,೫೦೦ಕ್ಕೆ ಏರದಿದ್ದರೆ ಜನಾಂಗವು ಉಳಿಯಲಾರದೆಂಬ ಭೀತಿಯು ಹುಟ್ಟಿತು. ೧೯೩೨ನೆಯ ಅಕ್ಟೋಬರ್ ೨೬ರಂದು ಜನಿಸಿದ ಹೆಣ್ಣುಮಗುವಿನಿಂದ ಆ ಸಂಖ್ಯೆಯು ಪೂರ್ಣವಾಯಿತು. ಆ ದಿನವನ್ನು ಅವರು ಅಂಗಾಂ ಎಂಬ ಹಬ್ಬವಾಗಿ ಇಂದಿಗೂ ಆಚರಿಸುತ್ತಾರೆ. ಆದರೆ ಹತ್ತು ವರ್ಷಗಳಲ್ಲಿ ಮತ್ತೊಂದು ವಿಪತ್ತು ಬಂದೊದಗಿತು. ೧೯೪೨ರ ಆಗಸ್ಟಿನಲ್ಲಿ ಜಪಾನೀಯರು ಎರಡು ದ್ವೀಪಗಳನ್ನೂ ಹಿಡಿದರು. ನೌರುವಿನ ೩೯ ಮಂದಿ ಕುಷ್ಠರೋಗಿಗಳನ್ನು ದೋಣಿಯಲ್ಲಿ ಕೂರಿಸಿ ಕಡಲಿನಲ್ಲಿ ಮುಳುಗಿಸಿದರು. ಸುಮಾರು ೧,೨೦೦ ಜನರನ್ನು ಟ್ರುಕ್ ದ್ವೀಪಗಳಿಗೆ ಸಾಗಿಸಿದರು. ಅವರಲ್ಲಿ ಬದುಕಿ ೧೯೪೬ನೆಯ ಜನವರಿ ೩೧ರಂದು ತಾಯ್ನೆಲಕ್ಕೆ ಮರಳಿದವರು ೭೩೭ ಮಂದಿ. ಬನಾಬದವರನ್ನೂ ಜಪಾನೀಯರು ಬೇರೆ ಬೇರೆ ದ್ವೀಪಗಳಿಗೆ ಚದರಿಸಿದ್ದರು. ಯುದ್ಧವು ಮುಗಿದ ಮೇಲೆ ಬ್ರಿಟಿಷ್ ಅಧಿಕಾರಿಗಳು ಅವರನ್ನು ಒಟ್ಟುಗೂಡಿಸಿದರಾದರೂ ಬನಾಬಕ್ಕೆ ಕರೆತರಲಿಲ್ಲ. ೧೯೪೫ನೆಯ ಡಿಸೆಂಬರ್ ೧೫ರಂದು ಸುಮಾರು ೧,೩೦೦ ಮೈಲಿ ದೂರದಲ್ಲಿರುವ ಫಿಜಿಯ ರಾಬಿ ದ್ವೀಪದಲ್ಲಿ ಅವರನ್ನು ಇಳಿಸಿದರು. ಇಳಿದವರಿಗೆ ದೊರೆತುದು ಗುಡಾರಗಳ ಆಸರೆ. ಆ ದ್ವೀಪವನ್ನು ೧೯೪೨ರಲ್ಲಿಯೇ ಬನಾಬದವರ ಫಾಸ್ಫೇಟ್ ನಿಧಿಯಿಂದಲೇ ಕೊಂಡಿದ್ದರೆಂಬುದು ಇಲ್ಲಿ ಹೇಳಲೇಬೇಕಾದ ಸಂಗತಿ. ಜನರಿಲ್ಲದ ಬನಾಬದಲ್ಲಿ ಅಗೆತವು ಮೊದಲಿಗಿಂತ ಸುಗಮವಾಗಿ ಮುಂದುವರಿಯಿತು.

೫

೧೯೪೭ರಲ್ಲಿ ರಾಷ್ಟ್ರಸಂಘದ ಮ್ಯಾಂಡೇಟಿಗೆ ಬದಲಾಗಿ ನೌರುವು ವಿಶ್ವಸಂಸ್ಥೆಯ ಪಾಲಕತ್ವಕ್ಕೆ ಒಳಪಟ್ಟಿತು. ಆಡಳಿತವು ಹಿಂದಿನಂತೆ ಆಸ್ಟ್ರೇಲಿಯದ ಕೈಯಲ್ಲಿಯೇ ಉಳಿಯಿತು. ಟ್ರುಕ್‌ನ ಕಷ್ಟಗಳನ್ನು ಅನುಭವಿಸಿ ಹಿಂದಿರುಗಿದ್ದ ಹ್ಯಾಮರ್ ಡಿರಾಬರ್ಟ್ ೧೯೫೬ರಲ್ಲಿ ಜನರ ಮುಖ್ಯ ನಾಯಕನಾದನು. ಶಿಲೆಯು ಮುಗಿದ ಬಳಿಕ ಜನರ ಗತಿಯೇನೆಂಬ ಪ್ರಶ್ನೆಗೆ ಆಸ್ಟ್ರೇಲಿಯವು ಒಂದು ಪರಿಹಾರವನ್ನು ಸೂಚಿಸಿತು: ಕ್ವೀನ್ಸ್‌ಲೆಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಜನಾಂಗವನ್ನೆಲ್ಲ ಸಾಗಿಸುವುದು. ಆದರೆ ಅಲ್ಲಿ ಅವರು ಆಸ್ಟ್ರೇಲಿಯದ ಪ್ರಜೆಗಳಾಗಿರಬೇಕಾಗಿತ್ತೇ ಹೊರತು ಸ್ವತಂತ್ರ ಜನಾಂಗವಾಗಿ ಬಾಳುವಂತಿರಲಿಲ್ಲ. ೧೯೬೪ರಲ್ಲಿ ನೌರು ಜನರು ಇದನ್ನು ನಿರಾಕರಿಸಿದರು. ಮುಂದೆ ದೀರ್ಘವಾದ ಮಾತುಕತೆಗಳಾಗಿ, ೧೯೬೭ರ ಒಪ್ಪಂದದಂತೆ ಫಾಸ್ಫೇಟ್ ಉದ್ಯಮದ ಯಂತ್ರೋಪಕರಣಗಳನ್ನು ೨ ಕೋಟಿ ೧೦ ಲಕ್ಷ ಆಸ್ಟ್ರೇಲಿಯಾ ಡಾಲರುಗಳಿಗೆ ಕೊಂಡುಕೊಳ್ಳುವುದೆಂದು ಗೊತ್ತಾಯಿತು. ಟ್ರುಕ್‌ನಿಂದ ಮರಳಿದ ದಿನವನ್ನೇ ಆರಿಸಿಕೊಂಡು, ೧೯೬೮ನೆಯ ಜನವರಿ ೩೧ರಂದು ನೌರುವು ಸ್ವತಂತ್ರ ಗಣರಾಜ್ಯವಾಯಿತು. ಆ ಹೊತ್ತಿಗೆ ೩ ಕೋಟಿ ಟನ್ನಿಗೂ ಮೀರಿದ ಶಿಲೆಯು ದ್ವೀಪವನ್ನು ಬಿಟ್ಟುಹೋಗಿತ್ತು. ಹಾಳಾದ ನೆಲವನ್ನು ಸರಿಪಡಿಸುವ ಹೊಣೆಯು ಯಾರದೆಂಬ ಪ್ರಶ್ನೆಯು ಮಾತ್ರ ಒಪ್ಪಂದದಲ್ಲಿ ತೀರ್ಮಾನವಾಗದೆ ಉಳಿಯಿತು.

ಇದೇ ಪ್ರಶ್ನೆಯು ಮೊದಲು ನ್ಯಾಯಾಲಯಕ್ಕೆ ಬಂದುದು ಬನಾಬದವರಿಂದ. ರಾಬಿಯಲ್ಲಿ ನೆಲೆಸಿದ್ದ ಅವರು ೧೯೭೦ರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ಮೇಲೆಯೂ ಮಂಡಲಿಯ ಮೇಲೆಯೂ ಲಂಡನ್ನಿನಲ್ಲಿ ದಾವೆ ಹೂಡಿದರು. ವಿಚಾರಣೆಯು ೨೦೦ ದಿನಗಳನ್ನು ಮೀರಿ ನಡೆಯಿತು. ನ್ಯಾಯಾಧಿಪತಿ ರಾಬರ್ಟ್ ಮೆಗಾರಿಯು ಸ್ವತಃ ಬನಾಬಕ್ಕೆ ಹೋಗಿ ನೆಲವನ್ನು ನೋಡಿ ಬಂದನು. ೧೯೭೬ರಲ್ಲಿ ಅವನು ಕೊಟ್ಟ ತೀರ್ಪಿನ ಸಾರಾಂಶವಿಷ್ಟು: ಸರ್ಕಾರವು ಬನಾಬದವರ ವಿಷಯದಲ್ಲಿ ನಡೆದುಕೊಂಡ ರೀತಿಯು ಟೀಕೆಗೆ ಅರ್ಹವಾದುದು, ಆದರೆ ಸರ್ಕಾರಕ್ಕೆ ಇದ್ದುದು ರಾಜ್ಯಾಡಳಿತದ ಕರ್ತವ್ಯ, ನ್ಯಾಯಾಲಯವು ಬಲವಂತವಾಗಿ ನಡೆಯಿಸಬಲ್ಲ ನ್ಯಾಸವಲ್ಲ. ನ್ಯಾಸವೆಂಬ ಮಾತಿಗೆ ಒಂದು ಉನ್ನತವಾದ ಅರ್ಥವೂ, ಒಂದು ಕಾನೂನಿನ ಅರ್ಥವೂ ಉಂಟೆಂದೂ, ಮೊದಲನೆಯದಕ್ಕೆ ನ್ಯಾಯಾಲಯದಲ್ಲಿ ಪರಿಹಾರವಿಲ್ಲವೆಂದೂ ಅವನು ನಿರ್ಣಯಿಸಿದನು. ಅಗೆದ ನೆಲದಲ್ಲಿ ಮರಗಳನ್ನು ಮತ್ತೆ ನೆಡುವೆವೆಂದು ೧೯೧೩ರಲ್ಲಿ ಕೊಟ್ಟಿದ್ದ ಮಾತನ್ನು ಮುರಿದುದಕ್ಕಾಗಿ ಮಂಡಲಿಯಿಂದ ಸಂದ ಪರಿಹಾರವು ಅತ್ಯಲ್ಪವಾದುದು. ೧೯೭೭ರಲ್ಲಿ ಮೂರು ಸರ್ಕಾರಗಳೂ ಸೇರಿ ಹೊಣೆಯನ್ನು ಒಪ್ಪಿಕೊಳ್ಳದೆ, ಅನುಗ್ರಹವೆಂಬ ರೀತಿಯಲ್ಲಿ ೧ ಕೋಟಿ ಆಸ್ಟ್ರೇಲಿಯಾ ಡಾಲರುಗಳ ನಿಧಿಯನ್ನು ಕೊಡಮುಂದಾದುವು. ೧೯೭೯ರಲ್ಲಿ ಬನಾಬದ ಅಗೆತವು ನಿಂತಿತು. ಅಲ್ಲಿಂದ ಹೋದ ಶಿಲೆಯು ಒಟ್ಟು ಸುಮಾರು ೨ ಕೋಟಿ ಟನ್ನು.

ಈ ಸಂದರ್ಭದಲ್ಲಿ ಭಾರತೀಯ ಧರ್ಮಶಾಸ್ತ್ರದ ಒಂದು ಪ್ರಕರಣವು ಸ್ಮರಣೆಗೆ ಬರುತ್ತದೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಉಪನಿಧಿ, ನ್ಯಾಸ, ನಿಕ್ಷೇಪಗಳನ್ನು ಕುರಿತ ನಿಯಮಗಳಿವೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅವುಗಳನ್ನು ವಿವರಿಸಿದ್ದಾನೆ. ಇಟ್ಟ ಒಡವೆಯು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ನಷ್ಟವಾದರೆ ಇಟ್ಟುಕೊಂಡವನು ಹೊಣೆಯಲ್ಲ. ಆದರೆ ಅದನ್ನು ತನ್ನಿಚ್ಛೆಯಂತೆ ಬಳಸಿ ಜೀವಿಸಿದವನು ದಂಡನೆಗೆ ಅರ್ಹನು. ಒಡವೆಯನ್ನು ವೃದ್ಧಿಸಹಿತವಾಗಿ ಹಿಂದಿರುಗಿಸತಕ್ಕವನು. ಮೆಗಾರಿಯ ತೀರ್ಪು ಈ ತತ್ತ್ವವನ್ನು ಅಲ್ಲಗಳೆಯಲಿಲ್ಲ; ಇಟ್ಟುಕೊಂಡವನು ರಾಜನೇ ಆದಾಗ ಅದನ್ನು ನಡೆಯಿಸುವ ಕಟ್ಟೆ ಎಲ್ಲಿದೆ ಎಂಬ ಪ್ರಶ್ನೆಯನ್ನು ಬಯಲಿಗೆ ತಂದಿತು.

೬

ಆ ಕಟ್ಟೆಯನ್ನು ಹುಡುಕಿದವರು ನೌರು ಜನರು. ೧೯೮೬ರಲ್ಲಿ ಅವರ ಸರ್ಕಾರವು ಶ್ರೀಲಂಕೆಯ ನ್ಯಾಯಶಾಸ್ತ್ರಜ್ಞ ಕ್ರಿಸ್ಟೊಫರ್ ವೀರಮಂತ್ರಿಯ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಹಾಳಾದ ನೆಲವನ್ನು ಸರಿಪಡಿಸುವುದು ಸಾಧ್ಯವೆಂದೂ, ಸ್ವಾತಂತ್ರ್ಯಕ್ಕೆ ಮೊದಲು ಅಗೆದ ಭಾಗಕ್ಕೆ ಮೂರು ಸರ್ಕಾರಗಳು ಹೊಣೆಯೆಂದೂ ಆ ಸಮಿತಿಯು ವರದಿ ಮಾಡಿತು. ತಾನು ಸ್ವತಂತ್ರವಾದ ಮೇಲೆ ಅಗೆದ ಭಾಗದ ಹೊಣೆಯನ್ನು ನೌರುವು ಯಾರ ಮೇಲೆಯೂ ಹೊರಿಸಲಿಲ್ಲ. ಇದು ಆ ವಾದದ ಬಲಗಳಲ್ಲಿ ಒಂದು. ೧೯೮೯ನೆಯ ಮೇ ೧೯ರಂದು ಆಸ್ಟ್ರೇಲಿಯದ ಮೇಲೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆಯು ದಾಖಲಾಯಿತು.

ಆಸ್ಟ್ರೇಲಿಯವು ಎತ್ತಿದ ಪ್ರಾರಂಭಿಕ ಆಕ್ಷೇಪಗಳು ಹಲವು. ನೌರುವು ೧೯೬೭ರ ಒಪ್ಪಂದದಲ್ಲಿ ಈ ಹಕ್ಕನ್ನು ಬಿಟ್ಟುಕೊಟ್ಟಿತೆಂಬುದು ಒಂದು. ವಿಶ್ವಸಂಸ್ಥೆಯೇ ಪಾಲಕತ್ವವನ್ನು ಮುಗಿಸಿದುದರಿಂದ ಹೊಣೆಯೂ ಮುಗಿಯಿತೆಂಬುದು ಇನ್ನೊಂದು. ದಾವೆಯು ವಿಳಂಬವಾಗಿ ಬಂದಿತೆಂಬುದು ಮತ್ತೊಂದು. ಬ್ರಿಟನ್, ನ್ಯೂಜಿಲೆಂಡುಗಳನ್ನು ಬಿಟ್ಟು ತನ್ನೊಬ್ಬನನ್ನೇ ಕರೆದಿರುವುದು ಸಲ್ಲದೆಂಬುದು ಕಡೆಯದು. ೧೯೯೨ನೆಯ ಜೂನ್ ೨೬ರಂದು ನ್ಯಾಯಾಲಯವು ಇವೆಲ್ಲವನ್ನೂ ತಳ್ಳಿಹಾಕಿತು. ಮಂಡಲಿಯ ವಿದೇಶೀ ಆಸ್ತಿಯಲ್ಲಿ ತನಗೂ ಪಾಲುಂಟೆಂದು ನೌರುವು ಆಮೇಲೆ ಸೇರಿಸಿದ ಬೇಡಿಕೆಯನ್ನು ಮಾತ್ರ ವಿಚಾರಣೆಗೆ ಸ್ವೀಕರಿಸಲಿಲ್ಲ. ಮುಖ್ಯವಾದ ವಿಚಾರಣೆಯು ನಡೆಯುವುದಕ್ಕೆ ಮೊದಲೇ, ೧೯೯೩ರ ಆಗಸ್ಟಿನಲ್ಲಿ ಆಸ್ಟ್ರೇಲಿಯವು ರಾಜಿಗೆ ಬಂದು ೧೦ ಕೋಟಿ ೭೦ ಲಕ್ಷ ಡಾಲರುಗಳನ್ನು ಕೊಡಲೊಪ್ಪಿತು. ಬ್ರಿಟನ್ನೂ ನ್ಯೂಜಿಲೆಂಡೂ ತಲಾ ೧ ಕೋಟಿ ೨೦ ಲಕ್ಷವನ್ನು ಆಸ್ಟ್ರೇಲಿಯಕ್ಕೆ ಸಲ್ಲಿಸಿದುವು. ಹೊಣೆಗಾರಿಕೆಯ ಮೇಲೆ ಅಂತಿಮವಾದ ತೀರ್ಪು ಹೀಗೆ ಬಾರದೆ ಹೋಯಿತು. ಆದರೂ ಪಾಲಕತ್ವವು ಮುಗಿದ ಮಾತ್ರಕ್ಕೆ ಪಾಲಕನು ಲೆಕ್ಕವನ್ನು ಒಪ್ಪಿಸುವ ಕರ್ತವ್ಯದಿಂದ ತಪ್ಪಿಸಿಕೊಳ್ಳಲಾರನೆಂಬ ವಾದಕ್ಕೆ ಲೋಕದ ಅತ್ಯುನ್ನತ ನ್ಯಾಯಾಲಯದ ಬಾಗಿಲು ತೆರೆಯಿತು.

೭

ಇಲ್ಲಿಗೆ ಚರಿತ್ರೆಯನ್ನು ನಿಲ್ಲಿಸಿದರೆ ಅದು ಅರ್ಧಸತ್ಯವಾಗುತ್ತದೆ. ೧೯೭೦ರಲ್ಲಿ ಉದ್ಯಮವು ನೌರುವಿನ ಕೈಗೆ ಬಂದ ಮೇಲೆ ಅಗೆತವು ನಿಲ್ಲಲಿಲ್ಲ; ಮಿಕ್ಕ ಪ್ರಸ್ಥಭೂಮಿಯನ್ನೂ ಅದೇ ಕ್ರಮದಲ್ಲಿ ಬರಿದುಮಾಡಿದರು. ಕೆಲವು ವರ್ಷಗಳ ಕಾಲ ನೌರು ಜನರ ತಲಾ ವರಮಾನವು ಲೋಕದ ಅತ್ಯಧಿಕ ವರಮಾನಗಳಲ್ಲಿ ಒಂದಾಗಿತ್ತು. ಶಿಲೆಯು ಮುಗಿದ ಮೇಲಿನ ಕಾಲಕ್ಕೆಂದು ಕಟ್ಟಿದ ನಿಧಿಯು ೧೦೦ ಕೋಟಿ ಆಸ್ಟ್ರೇಲಿಯಾ ಡಾಲರುಗಳನ್ನು ಮೀರಿ ಬೆಳೆದಿತ್ತು. ಅದರಿಂದ ಮೆಲ್ಬೋರ್ನ್ ನಗರದಲ್ಲಿ ೧೯೭೭ರಲ್ಲಿ ೫೨ ಅಂತಸ್ತಿನ ಸೌಧವೊಂದನ್ನು ಕಟ್ಟಿಸಿದರು, ವಿಮಾನಗಳನ್ನು ಕೊಂಡರು, ೧೯೯೩ರಲ್ಲಿ ಲಂಡನ್ನಿನ ರಂಗಭೂಮಿಯಲ್ಲಿ ಲಿಯೊನಾರ್ಡೊ ಚಿತ್ರಕಾರನನ್ನು ಕುರಿತ ಸಂಗೀತನಾಟಕವೊಂದಕ್ಕೆ ಹಣವನ್ನು ಹೂಡಿದರು, ಅದು ಕೆಲವೇ ವಾರಗಳಲ್ಲಿ ನಿಂತುಹೋಯಿತು. ಸಲಹೆಗಾರರ ವಂಚನೆಯೂ, ಆಳುವವರ ದುರ್ವ್ಯಯವೂ ಸೇರಿ ನಿಧಿಯು ಕರಗಿತು. ೨೦೦೪ರಲ್ಲಿ ಮೆಲ್ಬೋರ್ನಿನ ಸೌಧವು ಮಾರಾಟವಾಯಿತು. ೨೦೦೫ರಲ್ಲಿ ಉಳಿದಿದ್ದ ಒಂದೇ ವಿಮಾನವನ್ನೂ ಸಾಲ ಕೊಟ್ಟವರು ಹಿಡಿದುಕೊಂಡರು. ಆಸ್ಟ್ರೇಲಿಯವು ತನ್ನ ತೀರಕ್ಕೆ ಬಂದ ನಿರಾಶ್ರಿತರನ್ನು ೨೦೦೧ರಿಂದ ನೌರುವಿನಲ್ಲಿ ಇರಿಸತೊಡಗಿದಾಗ, ಅದಕ್ಕಾಗಿ ಬರುವ ಹಣವನ್ನು ಬೇಡವೆನ್ನುವ ಸ್ಥಿತಿಯಲ್ಲಿ ಆ ರಾಜ್ಯವು ಇರಲಿಲ್ಲ. ತನ್ನ ಮಕ್ಕಳ ಪಾಲಿನ ಸ್ವತ್ತಿಗೆ ತಾನೇ ನ್ಯಾಸಧಾರಿಯಾಗಿದ್ದ ತಲೆಮಾರೊಂದು ಹಿಂದಿನ ಪಾಲಕರ ತಪ್ಪನ್ನೇ ಮಾಡಿತೆಂದು ಹೇಳದೆ ವಿಧಿಯಿಲ್ಲ. ೨೦೧೫ರಲ್ಲಿ ಹೊರಗಿನ ಸಹಾಯವನ್ನೂ ಮೇಲ್ವಿಚಾರಣೆಯನ್ನೂ ಸೇರಿಸಿಕೊಂಡು ಮುಂದಿನ ಪೀಳಿಗೆಗಳಿಗಾಗಿ ಹೊಸ ನಿಧಿಯೊಂದನ್ನು ಸ್ಥಾಪಿಸಿದುದು ಆ ಪಾಠದ ಫಲ.

ಈ ನಡುವೆ ಎರಡೂ ತಪ್ಪುಗಳಿಗಿಂತ ದೊಡ್ಡದಾದ ಸಂಕಟವು ತಲೆದೋರಿತು. ಧನಿಕ ರಾಷ್ಟ್ರಗಳು ಎರಡು ಶತಮಾನಗಳಿಂದ ಸುಟ್ಟ ಕಲ್ಲಿದ್ದಲು, ಎಣ್ಣೆಗಳಿಂದ ಭೂಮಂಡಲವು ಕಾದು 
ಕಡಲು ಏರುತ್ತಿದೆ. ನೌರು ಜನರು ಇರುವುದು ಕಡಲಂಚಿನ ಕಿರಿದಾದ ನೆಲದಲ್ಲಿ. ಕಡಲು ಮೇಲೇರಿ ಬಂದರೆ ಹಿಂದೆ ಸರಿದು ನಿಲ್ಲಲು ಅವರಿಗೆ ಇದ್ದ ಎತ್ತರದ ಸ್ಥಳವು ಮಧ್ಯದ ಪ್ರಸ್ಥಭೂಮಿಯೊಂದೇ. ಅದೇ ಮುಳ್ಳುಗಲ್ಲಿನ ಕಾಡಾಗಿದೆ. ಅದನ್ನು ಸಮಮಾಡಿ ಮನೆಗಳನ್ನು ಕಟ್ಟುವ ಯೋಜನೆಯನ್ನು ಸರ್ಕಾರವು ಕೈಗೊಂಡಿದೆ. ಹಣದ ಅವಶ್ಯಕತೆಯು ಮತ್ತೊಂದು ದಾರಿಯನ್ನೂ ತೋರಿಸಿತು: ೨೦೨೧ರ ಜೂನಿನಲ್ಲಿ ನೌರುವು ಕೆನಡಾ ಮೂಲದ ಕಂಪೆನಿಯೊಂದರ ಪರವಾಗಿ, ಆಳವಾದ ಕಡಲತಳದ ಲೋಹಗಳನ್ನು ತೆಗೆಯುವುದಕ್ಕೆ ಎರಡು ವರ್ಷಗಳೊಳಗೆ ನಿಯಮಗಳನ್ನು ಮುಗಿಸಬೇಕೆಂದು ಅಂತರರಾಷ್ಟ್ರೀಯ ಕಡಲತಳ ಪ್ರಾಧಿಕಾರವನ್ನು ಒತ್ತಾಯಿಸಿತು. ನೆಲವನ್ನು ಅಗೆದು ನೊಂದವರೇ ಕಡಲತಳವನ್ನು ಅಗೆಯಲು ಮುಂದಾದರೆಂದು ಹಲವು ದ್ವೀಪರಾಷ್ಟ್ರಗಳು ಖೇದಪಟ್ಟುವು. ದಾರಿದ್ರ್ಯವು ಮನುಷ್ಯನ ಆಯ್ಕೆಗಳನ್ನು ಎಷ್ಟು ಕಿರಿದುಮಾಡುತ್ತದೆಂಬುದಕ್ಕೆ ಇದು ನಿದರ್ಶನ.

ಇನ್ನೊಂದು ದ್ವೀಪರಾಷ್ಟ್ರವಾದ ವನುಆಟು ಹಿಡಿದ ಮಾರ್ಗವು ಬೇರೆಯಾದುದು. ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾನಿಲಯದ ಕೆಲವರು ನ್ಯಾಯಶಾಸ್ತ್ರ ವಿದ್ಯಾರ್ಥಿಗಳು ೨೦೧೯ರಲ್ಲಿ ಎತ್ತಿದ ಬೇಡಿಕೆಯನ್ನು ಆ ಸರ್ಕಾರವು ಕೈಗೆತ್ತಿಕೊಂಡಿತು. ವಾಯುಗುಣದ ಕೇಡಿನ ವಿಷಯದಲ್ಲಿ ರಾಷ್ಟ್ರಗಳ ಹೊಣೆಯೇನೆಂದು ತಿಳಿಸುವಂತೆ ವಿಶ್ವಸಂಸ್ಥೆಯ ಮಹಾಸಭೆಯು ೨೦೨೩ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಕೇಳಿತು. ೨೦೨೫ನೆಯ ಜುಲೈ ೨೩ರಂದು ನ್ಯಾಯಾಲಯವು ಏಕಮತದಿಂದ ಉತ್ತರವನ್ನು ಕೊಟ್ಟಿತು: ಪ್ರಕೃತಿಗೆ ಗಣನೀಯವಾದ ಹಾನಿಯಾಗದಂತೆ ತಡೆಯುವುದು ರಾಷ್ಟ್ರಗಳ ನ್ಯಾಯಬದ್ಧವಾದ ಕರ್ತವ್ಯ; ಅದನ್ನು ಮೀರಿದ ರಾಷ್ಟ್ರವು, ಆದ ಹಾನಿಗೂ ಅದರ ನಡತೆಗೂ ಸಂಬಂಧವು ಸಿದ್ಧವಾದಲ್ಲಿ, ಪರಿಹಾರವನ್ನು ಕೊಡಬೇಕಾಗಬಹುದು. ಇದು ಸಲಹೆಯ ರೂಪದ ಅಭಿಪ್ರಾಯವೇ ಹೊರತು ಯಾರನ್ನೂ ನೇರವಾಗಿ ಕಟ್ಟಿಹಾಕುವ ತೀರ್ಪಲ್ಲ. ಆದರೂ ೧೯೭೬ರಲ್ಲಿ ಲಂಡನ್ನಿನ ನ್ಯಾಯಾಧಿಪತಿಯು ಉನ್ನತವಾದ ಅರ್ಥವೆಂದು ಬದಿಗಿರಿಸಿದ ಕರ್ತವ್ಯವು, ಐವತ್ತು ವರ್ಷಗಳೊಳಗೆ ಕಾನೂನಿನ ಅರ್ಥದ ಹತ್ತಿರಕ್ಕೆ ಬಂದುದನ್ನು ಇಲ್ಲಿ ಕಾಣಬಹುದಾಗಿದೆ.

೮

ಮೇಲಿನ ಚರಿತ್ರೆಯಿಂದ ಮೂರು ಅಂಶಗಳು ಸಿದ್ಧಪಡುತ್ತವೆ. ರಾಷ್ಟ್ರಗಳ ವೈಷಮ್ಯವನ್ನು ಬೆಳೆಸುವುದರಲ್ಲಿ ಬಲಾತ್ಕಾರಕ್ಕಿಂತ ಬೆಲೆಯನ್ನು ಗೊತ್ತುಮಾಡುವ ಅಧಿಕಾರವು ಹೆಚ್ಚು ಕಾಲ, ಹೆಚ್ಚು ಮೌನವಾಗಿ ಕೆಲಸ ಮಾಡುತ್ತದೆ. ನೆಲದ ಹಾನಿಯನ್ನು ಖರ್ಚಿನ ಬಾಬಿನಲ್ಲಿ ಬರೆಯದ ಲೆಕ್ಕವು, ಅದನ್ನು ಬರೆದವನು ಪರದೇಶೀಯನಾಗಲಿ ಸ್ವದೇಶೀಯನಾಗಲಿ, ಕೊನೆಗೆ ಸುಳ್ಳಾಗುತ್ತದೆ. ಮೂರನೆಯದಾಗಿ, ನೊಂದವರಿಗೆ ಅನುಗ್ರಹವಾಗಿ ಕೊಟ್ಟುದು ಸಂಬಂಧವನ್ನು ಮುಗಿಸುವುದಕ್ಕಾಗಿ ಕೊಟ್ಟುದು. ಲೆಕ್ಕವಾಗಿ ಕೊಟ್ಟುದರಿಂದ ಮಾತ್ರ ಇಬ್ಬರೂ ಸಮಾನರೆಂಬ ಭಾವನೆಯು ನೆಲೆಗೊಳ್ಳುತ್ತದೆ. ಬನಾಬದವರಿಗೆ ೧೯೭೭ರಲ್ಲಿ ಕೊಡಮುಂದಾದ ಹಣಕ್ಕೂ ನೌರುವಿಗೆ ೧೯೯೩ರಲ್ಲಿ ಸಂದ ಹಣಕ್ಕೂ ಇರುವ ಭೇದವು ಮೊತ್ತದಲ್ಲಿ ಮಾತ್ರ ಅಡಗಿಲ್ಲ. ಮೊದಲನೆಯದು ದಾತೃಗಳ ಇಚ್ಛೆಯಿಂದ ಬಂದುದು. ಎರಡನೆಯದು, ಕೇಳುವ ಹಕ್ಕುಂಟೆಂದು ನ್ಯಾಯಾಲಯವು ಒಪ್ಪಿದ ಮೇಲೆ ಬಂದುದು.

ನ್ಯಾಯಯುತವಾದ ಲೋಕವು ಸಮೀಪಿಸಿತೆಂದು ಹೇಳುವುದಕ್ಕೆ ಈ ಚರಿತ್ರೆಯು ಆಧಾರವನ್ನು ಒದಗಿಸುವುದಿಲ್ಲ. ನೌರುವಿನ ಪ್ರಸ್ಥಭೂಮಿಯಲ್ಲಿ ಸರಿಪಡಿಸಲ್ಪಟ್ಟ ನೆಲವು ಇನ್ನೂ ಸ್ವಲ್ಪವೇ. ಬನಾಬದಲ್ಲಿ ಇಂದು ವಾಸಿಸುವವರು ಕೆಲವೇ ನೂರು ಮಂದಿ. ಉಳಿದವರು ರಾಬಿಯಲ್ಲಿದ್ದುಕೊಂಡು ಪ್ರತಿವರ್ಷ ಡಿಸೆಂಬರ್ ೧೫ರಂದು ತಾವು ಬಂದಿಳಿದ ದಿನವನ್ನು ಸ್ಮರಿಸುತ್ತಾರೆ. ಆದರೆ ೮ ಚದರ ಮೈಲಿಯ ರಾಜ್ಯವೊಂದು ತನ್ನನ್ನು ಆಳಿದ ದೊಡ್ಡ ರಾಜ್ಯವನ್ನು ನ್ಯಾಯಸ್ಥಾನಕ್ಕೆ ಕರೆದು, ಇಟ್ಟ ಒಡವೆಯ ಲೆಕ್ಕವನ್ನು ಕೇಳಿತು. ಕೇಳಲು ಅಧಿಕಾರವಿಲ್ಲವೆಂಬ ಉತ್ತರವು ಅಲ್ಲಿ ನಿಲ್ಲಲಿಲ್ಲ. ವಿಜ್ಞಾನೇಶ್ವರನು ವಿವರಿಸಿದ ನ್ಯಾಸಧರ್ಮವು ಒಬ್ಬ ಮನೆಯವನಿಗೂ ಅವನ ನೆರೆಯವನಿಗೂ ಸಂಬಂಧಿಸಿದುದು. ರಾಷ್ಟ್ರಗಳ ನಡುವೆಯೂ, ಒಂದು ತಲೆಮಾರಿಗೂ ಮುಂದಿನ ತಲೆಮಾರಿಗೂ ನಡುವೆಯೂ ಅದೇ ಧರ್ಮವು ನಡೆಯಬೇಕೆಂಬುದು ಈ ಎರಡು ದ್ವೀಪಗಳ ಜನರು ಲೋಕದ ಮುಂದಿಟ್ಟ ವಾದ. ಅದರ ಪೂರ್ಣವಾದ ತೀರ್ಪು ಇನ್ನು ಬರಬೇಕಾಗಿದೆ.